ಪಲ್ಸಿನ ಲೆಕ್ಕದ ಅಂತರಜಾಲ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಮತ್ತು ಈ ಎರಡರಿಂದಲೂ ಗ್ರಾಮಗಳನ್ನು ಪಡೆದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಡಬ, ಈ ಸೀಮೆಗೆ ಅಂತರಜಾಲ ಬಂದ ಬಗೆಯನ್ನು ತಿಳಿಯಬೇಕಾದರೆ ಕಂಪ್ಯೂಟರಿಗಿಂತ ಮೊದಲು ದೂರವಾಣಿಯ ತಂತಿಯತ್ತ ನೋಡಬೇಕಾಗುತ್ತದೆ. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡು ಕೇರಿಗಳಾಗಿ ಬೆಳೆದಿದ್ದರೆ, ಇಲ್ಲಿನ ಮನೆಗಳು ತಮ್ಮ ತಮ್ಮ ಅಡಿಕೆ ತೋಟದ ತಲೆಯಲ್ಲಿ, ಗುಡ್ಡದ ಮಗ್ಗುಲಲ್ಲಿ, ಎಷ್ಟೋ ಕಡೆ ನೆರೆಮನೆಯ ದೀಪವೂ ಕಾಣದಷ್ಟು ದೂರದಲ್ಲಿ ಇರುತ್ತವೆ. ಆದ್ದರಿಂದ ಒಂದು ಮನೆಗೆ ಫೋನು ಕೊಡುವುದೆಂದರೆ ಎಕ್ಸ್‌ಚೇಂಜಿನಿಂದ ಹೊರಟ ತಾಮ್ರದ ಜೋಡಿ ತಂತಿಯನ್ನು ರಸ್ತೆ ಬದಿಯ ಕಂಬಗಳ ಮೇಲೆ ಸಾಗಿಸಿ, ತೋಡು ದಾಟಿಸಿ, ತೋಟದ ನಡುವೆ ಎಳೆದು, ಒಬ್ಬ ಗ್ರಾಹಕನಿಗಾಗಿಯೇ ಕಿಲೋಮೀಟರುಗಟ್ಟಲೆ ಒಯ್ಯುವುದೆಂದು ಅರ್ಥವಾಗಿತ್ತು. ಮಾತಿಗೆಂದು ಎಳೆದ ಈ ತಂತಿಯ ಮೇಲೆಯೇ, 1990ರ ದಶಕದ ಕೊನೆಯ ವರ್ಷಗಳಿಂದ ಆರಂಭಿಸಿ ಹೆಚ್ಚುಕಡಿಮೆ ಹತ್ತು ವರ್ಷಗಳ ಕಾಲ, ಈ ಮೂರು ತಾಲ್ಲೂಕುಗಳ ಅಂತರಜಾಲವೂ ಓಡಾಡಿತು. ತಂತಿಯ ಉದ್ದ, ಅದರ ಬಾಡಿಗೆಯ ಲೆಕ್ಕ, ಅದರ ಮೇಲೆ ಬೀಳುವ ಮಳೆ ಮತ್ತು ಸಿಡಿಲು, ಇವು ಸೇರಿ ಇಲ್ಲಿಯ ಜನ ಅಂತರಜಾಲವನ್ನು ಹೇಗೆ ಬಳಸಬೇಕೆಂಬುದನ್ನು ನಿರ್ಧರಿಸಿದವು.

ಭಾರತದಲ್ಲಿ ಅಂತರಜಾಲ ಮೊದಲು ಬಂದದ್ದು ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಜಾಲದ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮುಂತಾದ ಕೆಲವು ಸಂಸ್ಥೆಗಳ ಸಂಶೋಧಕರು ಇ-ಮೇಲ್ ಬಳಸತೊಡಗಿದ್ದರಾದರೂ ಸಾಮಾನ್ಯರಿಗೆ ಅದರ ಬಾಗಿಲು ತೆರೆದಿರಲಿಲ್ಲ. ಹೊರದೇಶಗಳೊಂದಿಗಿನ ಸಂಪರ್ಕವನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್, 1995ರ ಆಗಸ್ಟ್ 15ರಂದು ಸಾರ್ವಜನಿಕ ಸೇವೆಯನ್ನು ಆರಂಭಿಸಿತು. ಅದರಲ್ಲಿ ಎರಡು ಬಗೆಯ ಖಾತೆಗಳಿದ್ದವು. ಶೆಲ್ ಖಾತೆ ಎಂಬುದು ಅಕ್ಷರಗಳಿಗಷ್ಟೇ ಸೀಮಿತವಾದ ಅಗ್ಗದ ಖಾತೆ. ಬಳಕೆದಾರನ ಕಂಪ್ಯೂಟರು ವಿಎಸ್‌ಎನ್‌ಎಲ್‌ನ ದೊಡ್ಡ ಕಂಪ್ಯೂಟರಿನ ಪರದೆಯಾಗಿ ಮಾತ್ರ ಕೆಲಸ ಮಾಡುತ್ತಿತ್ತು, ಕಪ್ಪು ಪರದೆಯ ಮೇಲೆ ಪೈನ್ ಎಂಬ ತಂತ್ರಾಂಶದಲ್ಲಿ ಪತ್ರ ಓದುವುದು, ಲಿಂಕ್ಸ್ ಎಂಬುದರಲ್ಲಿ ಚಿತ್ರಗಳಿಲ್ಲದ ಜಾಲಪುಟ ನೋಡುವುದು ಸಾಧ್ಯವಿತ್ತು. ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಸಿಗುತ್ತಿದ್ದುದು ಇದೇ. ಚಿತ್ರಗಳೂ ಕಾಣಬೇಕೆಂದರೆ ಟಿಸಿಪಿ/ಐಪಿ ಖಾತೆ ಬೇಕಿತ್ತು. ಬಳಕೆದಾರನ ಯಂತ್ರವನ್ನೇ ನೇರವಾಗಿ ಜಾಲದ ಸದಸ್ಯನನ್ನಾಗಿ ಮಾಡುವ ಈ ಖಾತೆಯ ಬೆಲೆ 250 ಗಂಟೆಗಳಿಗೆ 15,000 ರೂಪಾಯಿಯಾಗಿತ್ತು. ಅಂದಿನ ಅನೇಕ ಸರ್ಕಾರಿ ನೌಕರರಿಗೆ ಅದು ಹಲವು ತಿಂಗಳ ಸಂಬಳ. ಆರಂಭದಲ್ಲಿ ಸೇವೆ ಇದ್ದದ್ದು ಕೆಲವೇ ಮಹಾನಗರಗಳಲ್ಲಿ. ಸುಳ್ಯದ ಉತ್ಸಾಹಿಯೊಬ್ಬ ಬೆಂಗಳೂರಿಗೆ ಡಯಲ್ ಮಾಡಿ ಅಂತರಜಾಲ ನೋಡಹೊರಟರೆ ಖಾತೆಯ ಬೆಲೆಯನ್ನೂ ಮೀರಿಸುವ ಎಸ್‌ಟಿಡಿ, ಅಂದರೆ ದೂರದ ಕರೆಯ, ಬಿಲ್ಲು ಬರುವುದು ಖಂಡಿತವಾಗಿತ್ತು. 1998ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಖಾಸಗಿ ಸಂಸ್ಥೆಗಳಿಗೂ ಅವಕಾಶ ನೀಡಿ, ಸತ್ಯಂ ಆನ್‌ಲೈನ್‌ನಂಥ ಸೇವೆಗಳು ಹುಟ್ಟಿಕೊಂಡು ಬೆಲೆಗಳು ಇಳಿಯತೊಡಗಿದ ಮೇಲೆ, ಮತ್ತು ದೂರಸಂಪರ್ಕ ಇಲಾಖೆಯ ಸೇವಾಭಾಗವೇ 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಆಗಿ ರೂಪಾಂತರಗೊಂಡು ಅದರ ಸಂಚಾರ್‌ನೆಟ್ ಖಾತೆಗಳು ಸಣ್ಣ ಪಟ್ಟಣಗಳಲ್ಲೂ ಮಾರಾಟವಾಗತೊಡಗಿದ ಮೇಲೆ, ಈ ಸೀಮೆಯ ಮನೆಗಳಿಗೆ ಅಂತರಜಾಲ ನಿಜವಾದ ಅರ್ಥದಲ್ಲಿ ತಲುಪಿತು.

ಇಲ್ಲಿ ಮೊಡೆಮ್ ಎಂಬ ಪೆಟ್ಟಿಗೆಯ ಕೆಲಸವನ್ನು ವಿವರಿಸುವುದು ಅಗತ್ಯ. ದೂರವಾಣಿ ವ್ಯವಸ್ಥೆಯನ್ನು ಕಟ್ಟಿದ್ದು ಮನುಷ್ಯನ ಧ್ವನಿಗಾಗಿ; ಸುಮಾರು 300ರಿಂದ 3400 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ನಾದಗಳನ್ನು ಮಾತ್ರ ಅದು ದಾಟಿಸುತ್ತದೆ, ಅದಕ್ಕಿಂತ ಮೇಲಿನದನ್ನೂ ಕೆಳಗಿನದನ್ನೂ ಸೋಸಿಬಿಡುತ್ತದೆ. ಕಂಪ್ಯೂಟರಿನ ಭಾಷೆಯಾದ ಸೊನ್ನೆ ಮತ್ತು ಒಂದುಗಳನ್ನು ಈ ಇಕ್ಕಟ್ಟಾದ ದಾರಿಯಲ್ಲಿ ಹಿಡಿಸುವ ನಾದಗಳಾಗಿ ಮಾರ್ಪಡಿಸಿ ಕಳುಹಿಸುವುದು, ಆಚೆಯಿಂದ ಬಂದ ನಾದವನ್ನು ಮತ್ತೆ ಸೊನ್ನೆ-ಒಂದುಗಳಾಗಿ ಬಿಡಿಸುವುದು, ಇಷ್ಟೇ ಮೊಡೆಮಿನ ಕೆಲಸ. ಒಂದು ಸೊನ್ನೆ ಅಥವಾ ಒಂದಕ್ಕೆ ಬಿಟ್ ಎಂದೂ, ಎಂಟು ಬಿಟ್‌ಗಳ ಕಟ್ಟಿಗೆ ಬೈಟ್ ಎಂದೂ ಹೆಸರು. 1990ರ ದಶಕದ ಆರಂಭದಲ್ಲಿ ಸೆಕೆಂಡಿಗೆ 9600 ಅಥವಾ 14,400 ಬಿಟ್ ಸಾಗಿಸುತ್ತಿದ್ದ ಮೊಡೆಮುಗಳು 1994ರ ವೇಳೆಗೆ 28,800ಕ್ಕೂ, ಬಳಿಕ 33,600ಕ್ಕೂ ಏರಿ, 1998ರಲ್ಲಿ ಒಪ್ಪಿತವಾದ ವಿ.90 ಎಂಬ ಅಂತರರಾಷ್ಟ್ರೀಯ ಮಾನದಂಡದೊಂದಿಗೆ 56,000ದ ಹೊಸ್ತಿಲಿಗೆ ಬಂದು ನಿಂತವು. ಮಾತಿಗಾಗಿ ಮಾಡಿದ ದಾರಿಯಲ್ಲಿ ಅದರಿಂದಾಚೆಗೆ ಹೋಗಲು ಜಾಗವಿರಲಿಲ್ಲ.

ಆ ಕಾಲವನ್ನು ಕಂಡವರೆಲ್ಲರ ನೆನಪಿನಲ್ಲಿ ಉಳಿದಿರುವುದು ಸಂಪರ್ಕ ಕುದುರುವಾಗ ಮೊಡೆಮು ಹೊರಡಿಸುತ್ತಿದ್ದ ಕಿರುಚು ಮತ್ತು ಗೊರಗೊರ ಸದ್ದು. ಅದು ಯಂತ್ರದ ಅಸಹನೆಯಂತೆ ಕೇಳಿಸಿದರೂ ಕ್ರಮಬದ್ಧವಾದ ಮಾತುಕತೆಯೇ ಆಗಿತ್ತು. ಮೊದಲು ಡಯಲ್ ಟೋನು, ಬಳಿಕ ಸಂಖ್ಯೆ ಒತ್ತಿದ ಸದ್ದು, ಆಮೇಲೆ ಆಚೆಯ ಮೊಡೆಮು ಫೋನೆತ್ತಿ 2100 ಹರ್ಟ್ಸಿನ ಉದ್ದನೆಯ ಒಂದು ಸ್ವರವನ್ನು ಹಿಡಿಯುತ್ತಿತ್ತು. ಮಾತಾಡುವವರಿಗೆ ತಮ್ಮದೇ ಪ್ರತಿಧ್ವನಿ ಕೇಳದಿರಲೆಂದು ದೂರವಾಣಿ ಜಾಲದಲ್ಲಿ ಅಳವಡಿಸಿದ್ದ ಸಾಧನಗಳನ್ನು ಸುಮ್ಮನಾಗಿಸುವುದು ಆ ಸ್ವರದ ಉದ್ದೇಶ. ನಂತರ ಎರಡೂ ಕಡೆಯ ಯಂತ್ರಗಳು ತಮಗೆ ಬರುವ ವೇಗಗಳನ್ನು ಪರಸ್ಪರ ಹೇಳಿಕೊಂಡು, ಹಲವು ನಾದಗಳನ್ನು ಒಟ್ಟಿಗೆ ಹರಿಯಬಿಟ್ಟು ತಂತಿಯ ಯೋಗ್ಯತೆಯನ್ನು ಅಳೆದು, ಯಾವ ನಾದ ಎಷ್ಟು ಕುಗ್ಗಿ ಬರುತ್ತದೆ, ಗದ್ದಲ ಎಷ್ಟಿದೆ ಎಂದು ಲೆಕ್ಕಹಾಕಿ, ಕೊನೆಗೆ ಇಬ್ಬರಿಗೂ ಒಗ್ಗುವ ಒಂದು ವೇಗಕ್ಕೆ ಒಪ್ಪುತ್ತಿದ್ದವು. ಕಿವಿ ಪಳಗಿದವರು ಸದ್ದಿನ ಏರಿಳಿತವನ್ನು ಕೇಳಿಯೇ ಇಂದು ಸಂಪರ್ಕ ಕುದುರುವುದೋ ಮುರಿಯುವುದೋ ಎಂದು ಊಹಿಸುತ್ತಿದ್ದುದರಲ್ಲಿ ಪವಾಡವೇನೂ ಇಲ್ಲ. ತಂತಿ ಕೆಟ್ಟಿದ್ದರೆ ಅಳತೆಯ ಹಂತ ಮತ್ತೆ ಮತ್ತೆ ಮರುಕಳಿಸುತ್ತಿತ್ತು, ಅದು ಕೇಳಿಸುತ್ತಿತ್ತು.

ಅದಕ್ಕೂ ಮೊದಲಿನ ಒಂದು ತೊಡಕು ಭಾರತದ ಬಳಕೆದಾರರನ್ನು ಕಾಡುತ್ತಿತ್ತು. ರಿಸೀವರ್ ಎತ್ತಿದರೆ ಡಯಲ್ ಟೋನು ಸ್ಪಷ್ಟವಾಗಿ ಕೇಳಿಸುತ್ತಿದ್ದರೂ ಕಂಪ್ಯೂಟರಿನ ಪರದೆಯ ಮೇಲೆ ಡಯಲ್ ಟೋನು ಇಲ್ಲವೆಂಬ ಸಂದೇಶ ಬಂದು ಕೆಲಸ ನಿಲ್ಲುತ್ತಿತ್ತು. ಅಮೆರಿಕದ ಡಯಲ್ ಟೋನು 350 ಮತ್ತು 440 ಹರ್ಟ್ಸಿನ ಎರಡು ನಾದಗಳ ಬೆರಕೆಯಾದರೆ, ಭಾರತದ್ದು 400 ಹರ್ಟ್ಸಿನ ನಾದವನ್ನು 25 ಹರ್ಟ್ಸಿನಲ್ಲಿ ನಡುಗಿಸಿ ಮಾಡಿದ್ದು. ಹೊರದೇಶದ ಲಕ್ಷಣಗಳಿಗೆ ಹೊಂದಿಸಿದ್ದ ಮೊಡೆಮುಗಳಿಗೆ ಇದರ ಪರಿಚಯವಿರಲಿಲ್ಲ. ಡಯಲ್ ಟೋನಿಗೆ ಕಾಯಬೇಡ ಎಂದು ಮೊಡೆಮಿಗೆ ಹೇಳುವ ಎಟಿಎಕ್ಸ್3 ಎಂಬ ಪುಟ್ಟ ಆಜ್ಞೆಯನ್ನು ಟೈಪಿಸುವುದು, ಅಥವಾ ಅದೇ ಅರ್ಥದ ಚೌಕದಲ್ಲಿನ ಗುರುತನ್ನು ತೆಗೆಯುವುದು ಇದಕ್ಕೆ ಪರಿಹಾರ. ಕಂಪ್ಯೂಟರ್ ಮಾರುವ ಅಂಗಡಿಯ ಹುಡುಗರು ಮನೆಗೆ ಬಂದು ಇದೊಂದನ್ನು ಮಾಡಿಕೊಟ್ಟು ಹೋದರೆ, ಮನೆಯವರ ಪಾಲಿಗೆ ಅವರು ದೊಡ್ಡ ಇಂಜಿನಿಯರುಗಳೇ.

ವೇಗದ ಪ್ರಶ್ನೆಯಲ್ಲಿ ಎಕ್ಸ್‌ಚೇಂಜಿನ ಸ್ವರೂಪ ಬಹಳ ಮುಖ್ಯವಾಗಿತ್ತು. ಗ್ರಾಮೀಣ ಭಾರತಕ್ಕೆ ಸ್ವಯಂಚಾಲಿತ ಫೋನು ಸಿಕ್ಕಿದ್ದು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯಿಂದ; ಅದು ರೂಪಿಸಿದ, ಹವಾನಿಯಂತ್ರಣ ಬೇಡದ, 128 ತುದಿಗಳ ಗ್ರಾಮೀಣ ಎಕ್ಸ್‌ಚೇಂಜನ್ನು ಮೊತ್ತಮೊದಲು ಅಳವಡಿಸಿದ್ದು 1986ರಲ್ಲಿ, ನಮ್ಮ ರಾಜ್ಯದ ಕಿತ್ತೂರಿನಲ್ಲಿ. ಒಂದು ಸಣ್ಣ ಕೋಣೆಯಲ್ಲಿ ಹಿಡಿಸುವ ಇಂಥ ಎಕ್ಸ್‌ಚೇಂಜುಗಳು ಒಳನಾಡಿನ ಪೇಟೆಗಳಿಗೆ ಬಂದದ್ದರಿಂದಲೇ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ ಮುಗಿಯಿತು. ಆದರೆ 56,000ದ ವೇಗ ಸಿಗಬೇಕಾದರೆ ಗ್ರಾಹಕನ ಮನೆಯಿಂದ ಅಂತರಜಾಲ ಸೇವೆಯ ಕೇಂದ್ರದವರೆಗಿನ ದಾರಿಯಲ್ಲಿ ನಾದವು ಅಂಕಿಗಳಾಗಿ ಮಾರ್ಪಡುವುದು ಒಂದೇ ಒಂದು ಸಲ ಆಗಬೇಕೆಂಬುದು ವಿ.90ರ ನಿಬಂಧನೆ. ಹಳ್ಳಿಯ ಎಕ್ಸ್‌ಚೇಂಜಿನಿಂದ ಪಟ್ಟಣದ ಎಕ್ಸ್‌ಚೇಂಜಿಗೆ ಹೋಗುವ ಕೊಂಡಿಯಲ್ಲಿ ಅದು ಇನ್ನೊಮ್ಮೆ ನಾದವಾಗಿ ಮತ್ತೊಮ್ಮೆ ಅಂಕಿಯಾದರೆ ವೇಗ ತಾನಾಗಿ 33,600ಕ್ಕೋ ಅದಕ್ಕಿಂತ ಕೆಳಗೋ ಬೀಳುತ್ತಿತ್ತು. ತೋಟದ ಕಡೆಯ ಉದ್ದ ತಂತಿಯಲ್ಲಿ ಮೇಲಿನ ನಾದಗಳು ಸೊರಗಿದರೆ ಮತ್ತಷ್ಟು ಇಳಿಯುತ್ತಿತ್ತು. ಪೆಟ್ಟಿಗೆಯ ಮೇಲೆ 56ಕೆ ಎಂದು ದೊಡ್ಡದಾಗಿ ಅಚ್ಚಾಗಿದ್ದ ಮೊಡೆಮು ಪುತ್ತೂರು ಪೇಟೆಯಲ್ಲಿ ಒಂದು ವೇಗವನ್ನೂ ಕಡಬದ ಒಳಗಿನ ತೋಟವೊಂದರಲ್ಲಿ ಅದರ ಅರ್ಧವನ್ನೂ ತೋರಿಸಿದರೆ ದೋಷ ಮೊಡೆಮಿನದ್ದಾಗಿರಲಿಲ್ಲ.

ವೇಗಕ್ಕಿಂತಲೂ ಹೆಚ್ಚಾಗಿ ಜನರ ನಡವಳಿಕೆಯನ್ನು ರೂಪಿಸಿದ್ದು ದರ. ದೂರವಾಣಿಯ ಬಿಲ್ಲನ್ನು ಲೆಕ್ಕಹಾಕುತ್ತಿದ್ದುದು ಪಲ್ಸಿನಲ್ಲಿ. ಒಂದು ನಿಗದಿತ ಅವಧಿ ಕಳೆದಂತೆಲ್ಲ ಎಕ್ಸ್‌ಚೇಂಜಿನ ಮೀಟರಿನಲ್ಲಿ ಒಂದು ಕರೆ ದಾಖಲಾಗುತ್ತಿತ್ತು, ಆ ಅವಧಿಯೇ ಪಲ್ಸು. ಸ್ಥಳೀಯ ಕರೆಗೆ ಮೊದಲು 5 ನಿಮಿಷವಿದ್ದ ಪಲ್ಸನ್ನು 1999ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪಟ್ಟಿ 3 ನಿಮಿಷಕ್ಕೆ ಇಳಿಸಿತು. ಎರಡು ಮಾತಾಡಿ ಫೋನಿಡುವವರಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವಾಗದಿದ್ದರೂ ಅಂತರಜಾಲ ಬಳಸುವವರಿಗೆ ಅದು ಗಂಟೆಗೆ 12 ಕರೆಗಳನ್ನು 20ಕ್ಕೆ ಏರಿಸಿತು. ದೂರದ ಊರಿಗಾದರೆ ಪಲ್ಸಿನ ಅವಧಿ ಸೆಕೆಂಡುಗಳಿಗೆ ಕುಗ್ಗುತ್ತಿತ್ತು. ಹಗಲಿನ ಪೂರ್ಣ ದರ ರಾತ್ರಿ 11ರ ಬಳಿಕ ಕಾಲು ಭಾಗಕ್ಕೆ ಇಳಿಯುತ್ತಿದ್ದ ಕಾರಣ, ಎಸ್‌ಟಿಡಿ ಬೂತುಗಳ ಮುಂದೆ ರಾತ್ರಿ ಸರದಿ ನಿಲ್ಲುತ್ತಿದ್ದ ಅದೇ ಕಾಲದಲ್ಲಿ, ಮನೆಗಳಲ್ಲಿ ಮೊಡೆಮಿನ ಕೂಗೂ ಊರು ಮಲಗಿದ ಮೇಲೆಯೇ ಏಳುತ್ತಿತ್ತು.

ಈ ದರಗಳಿಗೆ ಒಂದು ಭೂಪಟವಿತ್ತು, ಮತ್ತು ಅದು ಕಂದಾಯ ಇಲಾಖೆಯ ಭೂಪಟದೊಂದಿಗೆ ಪೂರ್ತಿ ಹೊಂದುತ್ತಿರಲಿಲ್ಲ. ದೂರವಾಣಿಯ ಲೆಕ್ಕದಲ್ಲಿ ಪುತ್ತೂರಿನ ಸಂಕೇತ 08251, ಸುಳ್ಯದ್ದು 08257, ಮಂಗಳೂರಿನದು 0824. ಒಂದು ಸಂಕೇತದೊಳಗಿನ ಊರುಗಳೆಲ್ಲ ಪರಸ್ಪರ ಸ್ಥಳೀಯ. ಉಪ್ಪಿನಂಗಡಿ, ಕಡಬ ಪುತ್ತೂರಿನ ಸಂಕೇತದೊಳಗೆ ಬಂದರೆ ಬೆಳ್ಳಾರೆ, ಪಂಜ, ಕುಕ್ಕೆ ಸುಬ್ರಹ್ಮಣ್ಯ ಸುಳ್ಯದ ಸಂಕೇತಕ್ಕೆ ಸೇರುತ್ತವೆ. ಹಾಗಾಗಿ ಈಗಿನ ಕಡಬ ತಾಲ್ಲೂಕಿನೊಳಗೇ ಕಡಬ ಪೇಟೆಗೆ ಒಂದು ಸಂಕೇತ, ಸುಬ್ರಹ್ಮಣ್ಯಕ್ಕೆ ಇನ್ನೊಂದು. ತಾಲ್ಲೂಕಿನ ಗಡಿ ಬದಲಾದರೂ ತಂತಿ ತನ್ನ ಹಳೆಯ ಗಡಿಯನ್ನು ನೆನಪಿಟ್ಟುಕೊಂಡಿದೆ. ಅಂತರಜಾಲದ ಕೇಂದ್ರ, ಅಂದರೆ ಗ್ರಾಹಕರ ಮೊಡೆಮುಗಳ ಕರೆಗೆ ಉತ್ತರಿಸುವ ಮೊಡೆಮುಗಳ ಸಾಲು, ಇದ್ದದ್ದು ದೊಡ್ಡ ಪಟ್ಟಣಗಳಲ್ಲಿ. ಅದು ಬೇರೆ ಸಂಕೇತದ ಊರಿನಲ್ಲಿದ್ದರೆ ಜಾಲ ನೋಡಿದ ಒಂದೊಂದು ನಿಮಿಷಕ್ಕೂ ಎಸ್‌ಟಿಡಿ ಬೀಳುತ್ತಿತ್ತು. 172ರಿಂದ ಆರಂಭವಾಗುವ ವಿಶೇಷ ಸಂಖ್ಯೆಗಳಿಗೆ ಡಯಲ್ ಮಾಡಿದರೆ ಕೇಂದ್ರ ಎಲ್ಲೇ ಇದ್ದರೂ ಸ್ಥಳೀಯ ದರವೆಂಬ ವ್ಯವಸ್ಥೆ ಬಂದ ಮೇಲೆ, ಮತ್ತು 2000ದ ದಶಕದ ಮೊದಲ ವರ್ಷಗಳಲ್ಲಿ ಸೊನ್ನೆಯ ಬದಲು 95 ಒತ್ತಿ ಹತ್ತಿರದ ಊರುಗಳಿಗೆ ಅಗ್ಗವಾಗಿ ಮಾತಾಡುವ ಸೌಲಭ್ಯ ಬಂದ ಮೇಲೆ, ಅಂದರೆ ಮಂಗಳೂರಿಗೆ 95824 ಎಂದಾದ ಮೇಲೆ, ಒಳನಾಡಿಗೂ ಪೇಟೆಗೂ ಇದ್ದ ಈ ಅಂತರ ತಗ್ಗಿತು. ಆಧುನಿಕತೆಯ ಹರಡುವಿಕೆಯ ಬಗ್ಗೆ ಬರೆಯುವವರು ಯಂತ್ರಗಳಿಗೆ ಕೊಡುವ ಗಮನದಲ್ಲಿ ಒಂದಂಶವನ್ನಾದರೂ ಇಂಥ ದರಪಟ್ಟಿಗಳಿಗೆ ಕೊಟ್ಟಿದ್ದರೆ ಹಳ್ಳಿಯ ಜನ ಹೊಸದನ್ನು ಬೇಗ ಒಪ್ಪುವುದಿಲ್ಲವೆಂಬ ಸುಲಭದ ತೀರ್ಮಾನಕ್ಕೆ ಬರುತ್ತಿರಲಿಲ್ಲ.

ಪಲ್ಸಿನ ಭಯದಿಂದ ಒಂದು ಶಿಸ್ತು ಹುಟ್ಟಿತು. ಇ-ಮೇಲನ್ನು ಸಂಪರ್ಕವಿಲ್ಲದಾಗಲೇ ಟೈಪಿಸಿಟ್ಟು, ವಿಂಡೋಸ್ ಜೊತೆಗೆ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್‌ನಂಥ ತಂತ್ರಾಂಶದಲ್ಲಿ ಹೊರಹೋಗುವ ಪತ್ರಗಳ ಕಪಾಟಿನಲ್ಲಿ ಜೋಡಿಸಿ, ರಾತ್ರಿ ಒಮ್ಮೆ ಡಯಲ್ ಮಾಡಿ ಎಲ್ಲವನ್ನೂ ಕಳುಹಿಸಿ, ಬಂದದ್ದನ್ನೆಲ್ಲ ಇಳಿಸಿಕೊಂಡು, ಪಲ್ಸು ಮುಗಿಯುವುದರೊಳಗೆ ಸಂಪರ್ಕ ಕಡಿದು, ಆಮೇಲೆ ನಿಧಾನವಾಗಿ ಓದುವುದು ರೂಢಿಯಾಯಿತು. ಜಾಲಪುಟಗಳನ್ನು ಕೂಡ ಒಂದರ ಮೇಲೊಂದು ತೆರೆದಿಟ್ಟು, ತಂತಿ ಬಿಟ್ಟ ಮೇಲೆ ಓದುತ್ತಿದ್ದರು. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಕಾರಣ ತಪ್ಪು ತಿಳಿಯುವಷ್ಟರಲ್ಲಿ ಕೈಮೀರಿರುತ್ತಿತ್ತು. ರಜೆಯಲ್ಲಿ ಬಂದ ಮಕ್ಕಳ ಹವ್ಯಾಸದ ಗಾತ್ರ ಮನೆಯ ಯಜಮಾನರಿಗೆ ಗೊತ್ತಾಗುತ್ತಿದ್ದುದು ಅವರು ಹಾಸ್ಟೆಲಿಗೆ ಮರಳಿದ ಮೇಲೆ. ಇಂದಿನ ಅರ್ಥದಲ್ಲಿ ಜಾಲದಲ್ಲಿ ಅಲೆದಾಡುವುದು ಅಂದು ಮನೆಯಲ್ಲಿ ನಡೆದದ್ದು ಕಡಿಮೆಯೇ. ಜನ ಅದನ್ನು ಬಳಸಿದ್ದು ಬಹುಮಟ್ಟಿಗೆ ಅಂಚೆಯಂತೆ.

ಫೋನು ಒಂದೇ ಇದ್ದದ್ದು ಇನ್ನೊಂದು ತೊಡಕು. ಮೊಡೆಮು ತಂತಿಯನ್ನು ಹಿಡಿದಿರುವಷ್ಟು ಹೊತ್ತು ಹೊರಗಿನವರಿಗೆ ಎಂಗೇಜ್ ಸದ್ದು ಕೇಳಿಸುತ್ತಿತ್ತು. ಬೆಂಗಳೂರಿನಿಂದ ಮಗಳು, ಮಂಗಳೂರಿನಿಂದ ಅಡಿಕೆ ವ್ಯಾಪಾರಿ, ನೆರೆಮನೆಯವರಿಗೆಂದು ಕರೆ ಮಾಡುವ ಅವರ ನೆಂಟರು, ಎಲ್ಲರಿಗೂ ಒಂದೇ ಉತ್ತರ. ಊರಿಗೊಂದೆರಡು ಫೋನು ಇದ್ದ ಕಡೆ ಅದು ಅರ್ಧ ಊರಿನ ಸ್ವತ್ತಾಗಿದ್ದರಿಂದ ಈ ಎಂಗೇಜ್ ಸದ್ದು ಬರೀ ಖಾಸಗಿ ವಿಷಯವಾಗಿ ಉಳಿಯುತ್ತಿರಲಿಲ್ಲ. ಇತ್ತ ಒಳಮನೆಯಲ್ಲಿ ಪ್ಯಾರಲಲ್ ಫೋನನ್ನು ಯಾರಾದರೂ ಎತ್ತಿದರೆ, ಅಥವಾ ಕಾಲ್ ವೇಟಿಂಗಿನ ಒಂದು ಬೀಪ್ ನಡುವೆ ನುಸುಳಿದರೆ, ಅರ್ಧ ಇಳಿದಿದ್ದ ಕಡತ ಅಲ್ಲಿಗೆ ಮುಗಿಯುತ್ತಿತ್ತು, ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿತ್ತು. ಸೆಕೆಂಡಿಗೆ 28,800 ಬಿಟ್ ಎಂದರೆ 3.6 ಕಿಲೋಬೈಟ್, 50 ಕಿಲೋಬೈಟಿನ ಒಂದು ಫೋಟೋ 14 ಸೆಕೆಂಡು ತೆಗೆದುಕೊಂಡು ಮೇಲಿನಿಂದ ಕೆಳಕ್ಕೆ ಚಾಪೆ ಬಿಚ್ಚಿದಂತೆ ತೆರೆದುಕೊಳ್ಳುತ್ತಿತ್ತು. 4 ಮೆಗಾಬೈಟಿನ ಒಂದು ಹಾಡಿಗೆ ಎಲ್ಲವೂ ಸರಿಯಿದ್ದರೂ 18 ನಿಮಿಷ, ಅಂದರೆ ಆರೇಳು ಪಲ್ಸು; ಹಾಡಿನ ಕ್ಯಾಸೆಟ್ಟು ಪುತ್ತೂರಿನ ಅಂಗಡಿಯಲ್ಲಿ ಸಿಗುವಾಗ ಯಾರೂ ಆ ಗೋಜಿಗೆ ಹೋಗಬೇಕಾಗಿರಲಿಲ್ಲ, ಆದರೂ ಹೋದರು.

ಈ ಸೀಮೆಯ ಹವಾಮಾನ ಮೊಡೆಮಿಗೆ ಹೇಳಿಮಾಡಿಸಿದ್ದಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗೂ ಹೆಚ್ಚು ಮಳೆ, ಘಟ್ಟದ ಬುಡದ ಸುಬ್ರಹ್ಮಣ್ಯದ ಕಡೆ ಇನ್ನೂ ಹೆಚ್ಚು. ಜೂನ್ ಬಂದರೆ ತಂತಿಯ ಜಾಯಿಂಟುಗಳಿಗೆ ನೀರು ಇಳಿದು ಫೋನಿನಲ್ಲಿ ಕರಕರ ಸದ್ದು. ಮಾತಾಡುವ ಮನುಷ್ಯರು ಅದರ ನಡುವೆಯೂ ಪರಸ್ಪರ ಅರ್ಥಮಾಡಿಕೊಳ್ಳುತ್ತಾರೆ, ಮೊಡೆಮು ಮಾಡಿಕೊಳ್ಳುವುದಿಲ್ಲ. ಅಡಿಕೆಯ ಸೋಗೆಯೋ ಹಲಸಿನ ಕೊಂಬೆಯೋ ತಂತಿಯ ಮೇಲೆ ಬಿದ್ದರೆ ಫೋನು ಡೆಡ್, ಲೈನ್‌ಮ್ಯಾನ್ ಬರುವವರೆಗೆ ಜಾಲವೂ ಇಲ್ಲ. ಗುಡ್ಡ ಹತ್ತಿ ತೋಡು ದಾಟಿ ಜಿಗಣೆ ಕಚ್ಚಿಸಿಕೊಂಡು ತುಂಡಾದ ತಂತಿಯನ್ನು ಹುಡುಕುತ್ತಿದ್ದ ಈ ಲೈನ್‌ಮ್ಯಾನ್‌ಗಳೇ ಇಲ್ಲಿನ ಅಂತರಜಾಲವನ್ನು ನಿಜವಾಗಿ ನಡೆಸಿದವರು, ಅವರಲ್ಲಿ ಅನೇಕರು ತಾವೇ ಅದನ್ನು ಎಂದೂ ಬಳಸಿರಲಾರರು. ಬೇಸಿಗೆಯಲ್ಲಿ ಕಾಟ ಬೇರೆ. ತೋಟಗಳಿಗೆ ನೀರು ಬಿಡುವ ತಿಂಗಳುಗಳಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡಿದಾಗ ವೋಲ್ಟೇಜು ಕುಸಿದು, ಸ್ಟೆಬಿಲೈಸರ್ ಮತ್ತು ಯುಪಿಎಸ್ ಇಲ್ಲದೆ ಕಂಪ್ಯೂಟರ್ ಚಾಲೂ ಆಗುವುದೇ ಕಷ್ಟವಾಗಿತ್ತು.

ಎಲ್ಲಕ್ಕಿಂತ ದೊಡ್ಡ ಶತ್ರು ಸಿಡಿಲು. ಮುಂಗಾರಿಗೆ ಮೊದಲು ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮುಂಗಾರು ಹಿಂದಿರುಗುವ ಅಕ್ಟೋಬರಿನಲ್ಲಿ, ಘಟ್ಟದ ಕಡೆಯಿಂದ ಏಳುವ ಗುಡುಗುಮಳೆ ಇಲ್ಲಿ ವಾಡಿಕೆ. ಮೊಡೆಮು ಎರಡು ತಂತಿಗಳ ನಡುವೆ ಕುಳಿತ ಸಾಧನ. ಅದರ ಒಂದು ಬದಿಗೆ ವಿದ್ಯುತ್ ಕಂಬದಿಂದ ಬಂದ ತಂತಿ, ಇನ್ನೊಂದು ಬದಿಗೆ ಕಿಲೋಮೀಟರುಗಟ್ಟಲೆ ಬಯಲಿನಲ್ಲಿ ಹಾದುಬಂದ ದೂರವಾಣಿಯ ತಂತಿ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ, ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದ ತಂತಿಯಲ್ಲಿ ಕ್ಷಣಾರ್ಧಕ್ಕೆ ಭಾರಿ ವೋಲ್ಟೇಜು ಹುಟ್ಟುತ್ತದೆ, ಮತ್ತು ಎರಡು ತಂತಿಗಳ ನಡುವಿನ ಆ ವ್ಯತ್ಯಾಸವು ಮೊಡೆಮಿನ ಒಳಗಿನಿಂದಲೇ ದಾರಿ ಮಾಡಿಕೊಳ್ಳುತ್ತದೆ. ಎಕ್ಸ್‌ಚೇಂಜಿನಲ್ಲಿ ಇಂಥ ಹೊಡೆತವನ್ನು ಭೂಮಿಗೆ ಇಳಿಸುವ ಅನಿಲ ತುಂಬಿದ ಪುಟ್ಟ ನಳಿಕೆಗಳಿರುತ್ತವೆ. ಮನೆಯ ತುದಿಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಅಂಥ ರಕ್ಷಣೆ ಹೆಸರಿಗಷ್ಟೇ. ಕಂಪ್ಯೂಟರಿನ ಒಳಗೆ ಕೂರಿಸುವ ಅಗ್ಗದ ಮೊಡೆಮು ಸುಟ್ಟಾಗ ಮದರ್‌ಬೋರ್ಡನ್ನೂ ಜೊತೆಗೆ ಒಯ್ಯುತ್ತಿದ್ದುದರಿಂದ, ಒಂದೆರಡು ಮಳೆಗಾಲ ಕಂಡವರು ಹೊರಗೆ ಪ್ರತ್ಯೇಕವಾಗಿ ಇಡುವ ದುಬಾರಿ ಮೊಡೆಮಿನತ್ತ ತಿರುಗಿದರು. ಮೊದಲ ಗುಡುಗಿಗೇ ಫೋನಿನ ತಂತಿಯನ್ನೂ ಪ್ಲಗ್ಗನ್ನೂ ಎರಡನ್ನೂ ಕಳಚುವುದು ಮನೆಮಂದಿಗೆಲ್ಲ ತಿಳಿದ ಕ್ರಮವಾಯಿತು. ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಬಂದ ಮಳೆ ಮಾತ್ರ ತನ್ನ ಪಾಲನ್ನು ವಸೂಲಿ ಮಾಡುತ್ತಿತ್ತು.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ, ಅಂದರೆ ಬಹುಪಾಲು ಜನರಿಗೆ, ಅಂತರಜಾಲದ ಪರಿಚಯವಾದದ್ದು ಪೇಟೆಯ ಸೈಬರ್ ಕೆಫೆಗಳಲ್ಲಿ. ಪ್ಲೈವುಡ್ಡಿನ ತಡಿಕೆಗಳಿಂದ ಬೇರ್ಪಡಿಸಿದ ನಾಲ್ಕಾರು ಕಂಪ್ಯೂಟರುಗಳು ಒಂದೇ ಫೋನಿನ ತಂತಿಯನ್ನು ಹಂಚಿಕೊಳ್ಳುತ್ತಿದ್ದ ಕಡೆ ವೇಗದ ಮಾತೇ ಇಲ್ಲ. ಸುಳ್ಯದಲ್ಲಿ 1986ರಿಂದಲೇ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು ಇತ್ತು, ಪುತ್ತೂರಿನಲ್ಲಿ ಸಂತ ಫಿಲೋಮಿನಾ ಮತ್ತು ವಿವೇಕಾನಂದ ಕಾಲೇಜುಗಳ ಜೊತೆಗೆ 2001ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾಯಿತು. ಈ ವಿದ್ಯಾರ್ಥಿಗಳೇ ಕೆಫೆಗಳ ನಿತ್ಯದ ಗಿರಾಕಿಗಳು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅಮೆರಿಕದಲ್ಲಿ ಗೆಳೆಯನೊಂದಿಗೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್‌ನ 2 ಮೆಗಾಬೈಟ್ ಜಾಗದ ಉಚಿತ ಖಾತೆಯನ್ನು ಯಾವ ಕಂಪ್ಯೂಟರಿನಿಂದಲೂ ತೆರೆಯಬಹುದಾಗಿದ್ದರಿಂದ, ಸ್ವಂತ ಯಂತ್ರವಿಲ್ಲದವರಿಗೂ ಒಂದು ವಿಳಾಸ ದೊರೆಯಿತು. ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ದಿನ ಕೆಫೆಯೊಳಗೆ ನಿಲ್ಲಲು ಜಾಗವಿರುತ್ತಿರಲಿಲ್ಲ. ನೋಂದಣಿ ಸಂಖ್ಯೆ ಬರೆದ ಚೀಟಿಗಳನ್ನು ಒಟ್ಟುಮಾಡಿ ಮಾಲೀಕನೇ ಒಂದೊಂದಾಗಿ ನೋಡಿ ಕೂಗಿ ಹೇಳುತ್ತಿದ್ದ.

ಈ ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಕೊಲ್ಲಿ ರಾಷ್ಟ್ರಗಳ ನಂಟು ಇದೆ, ಬ್ಯಾರಿ ಮುಸ್ಲಿಮರಲ್ಲಿ ಅದು ಇನ್ನೂ ಗಾಢ. 1990ರ ದಶಕದ ಕೊನೆಯಲ್ಲಿ ಹೊರದೇಶದ ಕರೆಗೆ ನಿಮಿಷಕ್ಕೆ 50 ರೂಪಾಯಿಗೂ ಮೀರಿ ತೆರಬೇಕಾಗಿತ್ತು. ಅಂತರಜಾಲದ ಮೂಲಕ ಮಾತಾಡುವುದಕ್ಕೆ ಭಾರತದಲ್ಲಿ 2002ರ ಏಪ್ರಿಲ್ 1ರಿಂದ ಅಧಿಕೃತ ಅನುಮತಿ ಸಿಕ್ಕಿತು. ಕೆಫೆಗಳಲ್ಲಿ ಹೆಡ್‌ಫೋನುಗಳು ಕಾಣಿಸಿಕೊಂಡವು. ಧ್ವನಿ ತುಂಡುತುಂಡಾಗಿ ಬರುತ್ತಿದ್ದರೂ, ಒಂದು ಮಾತಿಗೆ ಉತ್ತರ ಬರುವಷ್ಟರಲ್ಲಿ ಇನ್ನೊಂದು ಮಾತು ಆಡಿಯಾಗಿರುತ್ತಿದ್ದರೂ, ಅರ್ಧ ಗಂಟೆ ಮಾತಾಡುವುದು ಮೊದಲ ಸಲ ಕೈಗೆಟುಕಿತು. ಇದಕ್ಕೆ ಹೋಲಿಸಿದರೆ ಅಂತರಜಾಲ ರೈತರಿಗೆ ಮಾರುಕಟ್ಟೆಯ ಧಾರಣೆ ತಂದುಕೊಡುತ್ತದೆಂಬ ಅಂದಿನ ಪ್ರಚಾರ ಇಲ್ಲಿನ ಮಟ್ಟಿಗೆ ಪೊಳ್ಳು. ಅಡಿಕೆಯ ಧಾರಣೆ ಪತ್ರಿಕೆಯಲ್ಲಿ ಬೆಳಗಾಗುವುದರೊಳಗೆ ಬರುತ್ತಿತ್ತು, ಮಂಗಳೂರು ಆಕಾಶವಾಣಿ ಇತ್ತು, ಅದೂ ಸಾಲದಿದ್ದರೆ 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಕ್ಯಾಂಪ್ಕೋ ಸಹಕಾರಿಯ ಶಾಖೆಗೆ ಒಂದು ಪಲ್ಸಿನ ಫೋನು ಸಾಕಾಗಿತ್ತು. ಬೆಳೆಗಾರರು ತಮ್ಮೊಳಗೆ ಅನುಭವ ಹಂಚಿಕೊಳ್ಳಲು ಪುತ್ತೂರಿನಿಂದಲೇ 1988ರಿಂದ ಹೊರಡುತ್ತಿದ್ದ ಅಡಿಕೆ ಪತ್ರಿಕೆ ಇತ್ತು. ತಮಗೆ ಬೇಕಾದ ಮಾಹಿತಿಯ ದಾರಿಗಳನ್ನು ಮೊದಲೇ ಮಾಡಿಕೊಂಡಿದ್ದ ಸಮಾಜವು ಅಂತರಜಾಲದಿಂದ ಎತ್ತಿಕೊಂಡದ್ದು ದೂರ ಹೋದ ಮಕ್ಕಳ ಸುದ್ದಿಯನ್ನು.

ಆ ಸುದ್ದಿ ಯಾವ ಲಿಪಿಯಲ್ಲಿ ಬರಬೇಕೆಂಬುದು ಬೇರೆಯೇ ಸಮಸ್ಯೆ. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮನೆಯ ಮಾತು ಯಾವುದೇ ಇರಲಿ, ಇ-ಮೇಲಿನಲ್ಲಿ ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾಗಿತ್ತು. ಅಜ್ಜಿಗೆ ಅದನ್ನು ಓದಿ ಹೇಳಲು ಮೊಮ್ಮಗ ಬೇಕಿತ್ತು. ಕನ್ನಡದ ತಂತ್ರಾಂಶಗಳು ಇರಲಿಲ್ಲವೆಂದಲ್ಲ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಮತ್ತು ಸೇಡಿಯಾಪು ತಂತ್ರಾಂಶ ಮುದ್ರಣ ಲೋಕದಲ್ಲಿ ಬಳಕೆಯಲ್ಲಿತ್ತು, ಡಾ. ಯು.ಬಿ. ಪವನಜ 1996ರಲ್ಲಿಯೇ ವಿಶ್ವಕನ್ನಡ ಎಂಬ ಕನ್ನಡದ ಮೊದಲ ಜಾಲತಾಣವನ್ನು ತೆರೆದಿದ್ದರು, ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹ ತಂತ್ರಾಂಶವನ್ನು ಉಚಿತವಾಗಿ ಹಂಚತೊಡಗಿದ್ದರು, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಹಿಂದೆಯೇ ಬಂತು. ಆದರೆ ಒಂದೊಂದೂ ತನ್ನದೇ ಅಕ್ಷರ ಸಂಕೇತಗಳನ್ನು ಬಳಸುತ್ತಿದ್ದರಿಂದ, ಓದುವವರ ಕಂಪ್ಯೂಟರಿನಲ್ಲಿ ಅದೇ ಫಾಂಟ್, ಅಂದರೆ ಅಕ್ಷರರೂಪಗಳ ಅದೇ ಕಡತ, ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣಿಸುತ್ತಿದ್ದವು. ಪತ್ರಿಕೆಯ ತಾಣವೊಂದನ್ನು ಓದಬೇಕಾದರೆ ಮೊದಲು ಅದರ ಫಾಂಟನ್ನು ಇಳಿಸಿಕೊಳ್ಳಬೇಕು. ಕನ್ನಡವನ್ನು ಚಿತ್ರವಾಗಿ ಹಾಕಿದ್ದ ತಾಣಗಳಾದರೆ ಒಂದು ಪುಟಕ್ಕೆ ಒಂದು ಪಲ್ಸು. ಎಲ್ಲರಿಗೂ ಒಂದೇ ಸಂಕೇತವೆಂಬ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ಸಾಮಾನ್ಯರ ಯಂತ್ರಕ್ಕೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ಮೂಲಕ. ಇಷ್ಟೆಲ್ಲ ಇದ್ದುದರಿಂದ ಊರಿನ ವರದಿಗಾರರು ಮಂಗಳೂರು, ಮಣಿಪಾಲದ ಪತ್ರಿಕಾ ಕಚೇರಿಗಳಿಗೆ ಸುದ್ದಿಯ ಕವರನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳುಹಿಸುವುದನ್ನು ಬೇಗ ಬಿಡಲಿಲ್ಲ. ಬಸ್ಸಿಗೆ ಫಾಂಟಿನ ತೊಂದರೆ ಇರಲಿಲ್ಲ.

2004ರ ಅಕ್ಟೋಬರಿನಲ್ಲಿ ಕೇಂದ್ರದ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟವಾಗಿ, ಸೆಕೆಂಡಿಗೆ ಕನಿಷ್ಠ 2,56,000 ಬಿಟ್ ಇದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂಬ ವ್ಯಾಖ್ಯೆ ಬಂತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಆರಂಭವಾಗಿ ಕ್ರಮೇಣ ಸಣ್ಣ ಪೇಟೆಗಳ ಎಕ್ಸ್‌ಚೇಂಜುಗಳಿಗೂ ವಿಸ್ತರಿಸಿತು. ಇದೂ ಅದೇ ತಾಮ್ರದ ತಂತಿಯ ಮೇಲೆಯೇ ಓಡುತ್ತಿತ್ತು, ಆದರೆ ಮಾತಿಗೆ ಬಳಕೆಯಾಗದ ಮೇಲಿನ ಕಂಪನಗಳನ್ನು ಬಳಸುತ್ತಿದ್ದರಿಂದ ಫೋನೂ ಜಾಲವೂ ಏಕಕಾಲಕ್ಕೆ ನಡೆಯುತ್ತಿದ್ದವು, ಎಂಗೇಜ್ ಸದ್ದಿನ ಕಾಟ ತಪ್ಪಿತು, ಪಲ್ಸಿನ ಲೆಕ್ಕದ ಬದಲು ಇಳಿಸಿಕೊಂಡ ಮಾಹಿತಿಯ ತೂಕದ ಲೆಕ್ಕ ಬಂತು. ಪೇಟೆಯವರ ಡಯಲ್-ಅಪ್ ಕಾಲ, ಅಂದರೆ ಫೋನು ಡಯಲ್ ಮಾಡಿ ಜಾಲ ಹಿಡಿಯುವ ಕಾಲ, ಹೀಗೆ ಮುಗಿಯಿತು. ಆದರೆ ಆ ಮೇಲಿನ ಕಂಪನಗಳು ತಂತಿಯಲ್ಲಿ ಬೇಗ ಸೊರಗುತ್ತವೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರು ದಾಟಿದ ಮನೆಗೆ ಸೇವೆ ಸಿಗುವುದು ಕಷ್ಟ. ತೋಟದ ಮನೆಗಳು ಇರುವುದೇ ಅಂಥ ದೂರದಲ್ಲಾದ್ದರಿಂದ, ಅವುಗಳಲ್ಲಿ ಹಲವು ಹಳೆಯ ಮೊಡೆಮಿನಲ್ಲೋ, ತಂತಿಯಿಲ್ಲದ ಡಬ್ಲ್ಯುಎಲ್‌ಎಲ್ ಫೋನಿನ ಮಂದ ಸಂಪರ್ಕದಲ್ಲೋ ಮತ್ತಷ್ಟು ವರ್ಷ ಉಳಿದವು.

ಮೊಬೈಲ್ ಬಂದ ಮೇಲೂ ಗುಡ್ಡದ ಮರೆ ತನ್ನ ಕೆಲಸ ಮಾಡಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಗೆ ತಂದೆ ಕೊಡೆ ಹಿಡಿದು ನಿಂತ ಫೋಟೋ ದೇಶದಾದ್ಯಂತ ಹರಿದಾಡಿತು; ಅದನ್ನು ಕಂಡು ಬೆರಗಾದವರು ಹೊರಗಿನವರು. ಈಚಿನ ವರ್ಷಗಳಲ್ಲಿ ಅನೇಕ ತೋಟಗಳಿಗೆ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ಮೂಲಕ ಮಾಹಿತಿ ಒಯ್ಯುವ ಗಾಜಿನ ಎಳೆ, ವಿದ್ಯುತ್ ಕಂಬಗಳ ಮೇಲೆ ಜೋತುಕೊಂಡು ತಲುಪಿದೆ, ತಾಮ್ರದ ತಂತಿಯನ್ನು ಜನ ಹಿಂದಿರುಗಿಸಿದ್ದಾರೆ. ಗಾಜು ವಿದ್ಯುತ್ತನ್ನು ಒಯ್ಯದ ಕಾರಣ ಸಿಡಿಲು ಒಳಬರುತ್ತಿದ್ದ ಎರಡು ದಾರಿಗಳಲ್ಲಿ ಒಂದು ಮುಚ್ಚಿದೆ. ಕರೆಂಟಿನ ದಾರಿ ಹಾಗೆಯೇ ಇರುವುದರಿಂದ ಏಪ್ರಿಲಿನ ಮಳೆಗೆ ರೌಟರಿನ ಅಡಾಪ್ಟರುಗಳು ಈಗಲೂ ಸುಡುತ್ತವೆ.